ಗೆಂಡೆಗೆ ಉಡಿದಾರದ ಹುಳ

ಗೆಂಡೆ ಮೀನಿಗೆ ನಮ್ಮ ಕಡೆ ಮರ್ಯಾದೆ ಕಡಿಮೆ. ಮೀನಿನಂಗಡಿಗೆ ಬಂದವರು ಮೊದಲು ಕೇಳುವುದು ಕಾಟ್ಲಾ, ಅದಿಲ್ಲದಿದ್ದರೆ ರೋಹು. ಎರಡೂ ಖಾಲಿಯಾಗಿದ್ದರೆ, ‘ಹೋಗ್ಲಿ ಬಿಡ್ರಿ, ಗೆಂಡೆನೇ ಕೊಡ್ರಿ’ ಅನ್ನುತ್ತಾರೆ. ಮುಳ್ಳು ಜಾಸ್ತಿ, ಕೆಸರು ವಾಸನೆ ಎಂಬ ದೂರು ಬೇರೆ. ಗಾಳ ಹಿಡಿದು ಊರೂರು ಸುತ್ತುವ ಹವ್ಯಾಸಿಗಳಂತೂ ಗೆಂಡೆಯ ಹೆಸರೆತ್ತಿದರೆ ಮಾತು ಬದಲಿಸುತ್ತಾರೆ. ಅವರಿಗೆ ಕಾವೇರಿಯ ಮಹಶೀರ್ ಬೇಕು, ಇಲ್ಲವೇ ನೀಲಗಿರಿಯ ಅಥವಾ ಕಾಶ್ಮೀರದ ಟ್ರೌಟ್ ಬೇಕು. ಮಹಶೀರ್ ಕೂಡ ಗೆಂಡೆಯ ಕುಲದ್ದೇ, ಅದರ ದಾಯಾದಿಯೇ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಗಾಳದ ಬಗ್ಗೆ ಬರೆದ ಹೆಸರಾಂತ ಪುಸ್ತಕದಲ್ಲಿ ಗೆಂಡೆಗೆ ರಾಣಿಯ ಪಟ್ಟವನ್ನೇ ಕಟ್ಟಿದ. ಬಾತಿ ಕೆರೆಯ ಅಂಚಿನಲ್ಲಿ ಬೇಸಿಗೆಗಳನ್ನು ಕಳೆದ ನನಗೆ ಆ ಪಟ್ಟ ಸ್ವಲ್ಪವೂ ಹೆಚ್ಚಾಯಿತು ಅನ್ನಿಸುವುದಿಲ್ಲ.

ಪಿ.ಬಿ. ರಸ್ತೆಯಲ್ಲಿ ದಾವಣಗೆರೆ ಬಿಟ್ಟು ಹರಿಹರದ ಕಡೆ ಹೊರಟವರಿಗೆ ಬಾತಿ ಗುಡ್ಡ ಕಾಣದೇ ಇರುವುದಿಲ್ಲ. ಈ ಸೀಮೆಯೆಲ್ಲ ಭದ್ರಾ ನಾಲೆಯ ನೀರು ಉಂಡು ಬೆಳೆದ ಭತ್ತದ ಬಯಲು. ಗುಡ್ಡವನ್ನು ನೋಡುವವರು ಕೆರೆಯನ್ನೂ ನೋಡುತ್ತಾರೆ, ಮಳೆಗಾಲದಲ್ಲಾದರೆ ‘ಈ ಸಲ ನೀರು ಚೆನ್ನಾಗೈತಿ’ ಅಂದುಕೊಂಡು ಮುಂದೆ ಹೋಗುತ್ತಾರೆ. ತುಂಬಿದ ಕೆರೆ ಕಣ್ಣಿಗೆ ಹಬ್ಬ ನಿಜ, ಆದರೆ ಅದು ತನ್ನ ಹೊಟ್ಟೆಯೊಳಗಿನದನ್ನು ಬಿಟ್ಟುಕೊಡುವುದಿಲ್ಲ. ಏಪ್ರಿಲ್ ಹೊತ್ತಿಗೆ ನೀರು ಹಿಂದೆ ಸರಿದು ಕೆರೆಯಂಗಳ ಬಯಲಾದಾಗ ಎಲ್ಲ ಗೊತ್ತಾಗುತ್ತದೆ: ಹಳ್ಳ ಎಲ್ಲಿಂದ ಬಂದು ಸೇರುತ್ತಿತ್ತು, ಮಣ್ಣು ತೆಗೆದ ಗುಂಡಿಗಳು ಎಲ್ಲಿವೆ, ಜಾಲಿಯ ಬೊಡ್ಡೆ ಎಲ್ಲಿ ಮುಳುಗಿತ್ತು, ಯಾವ ಮೂಲೆಯಲ್ಲಿ ಜೊಂಡು, ಯಾವ ಮೂಲೆಯಲ್ಲಿ ಬರೀ ಗೋಡು. ಗೆಂಡೆಯ ಓಡಾಟವೆಲ್ಲ ಈ ಗುರುತುಗಳನ್ನು ಹಿಡಿದೇ ನಡೆಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಒಮ್ಮೆ ಕೆರೆಯಂಗಳ ತಿರುಗಿ ಬಂದವನಿಗೆ ಕಾರ್ತಿಕದ ತುಂಬಿದ ನೀರಿನಲ್ಲೂ ಕಣ್ಣು ಓಡುತ್ತದೆ.

ಮೀನಿನ ಲೆಕ್ಕದಲ್ಲಿ ಬೇಸಿಗೆ ಎಲ್ಲರಿಗೂ ಬಿಡುವಿನ ಕಾಲ. ಗುತ್ತಿಗೆ ಹಿಡಿದವರು ದೊಡ್ಡ ಬಲೆ ಎಳೆದು ಮುಗಿಸಿರುತ್ತಾರೆ. ಹೊಸ ಮರಿ ಬಿಡುವುದು ಮಳೆ ಬಿದ್ದು ನೀರು ಏರಿದ ಮೇಲೆ. ಹರಿಹರದಲ್ಲಿ ತುಂಗಭದ್ರೆ ಬಂಡೆ ಮತ್ತು ಮರಳಿನ ನಡುವೆ ಮಡುಗಟ್ಟಿ ನಿಂತಿರುತ್ತಾಳೆ, ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದಿರುತ್ತವೆ. ಹವ್ಯಾಸಿ ಗಾಳದವರಿಗೂ ಬೇಸಿಗೆ ಖಾಲಿ ಕಾಲವೇ. ಟ್ರೌಟ್ ಇರುವ ದೇಶಗಳಲ್ಲಿ ನೀರಿನ ಕಾವು 20 ಡಿಗ್ರಿ ದಾಟಿತೆಂದರೆ ಒಳ್ಳೆಯ ಬೇಟೆಗಾರರು ತಾವಾಗಿಯೇ ಕೋಲು ಕೆಳಗಿಡುತ್ತಾರೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಟ್ರೌಟಿಗೆ ಅದರ ಹಸಿವು ಹೆಚ್ಚು. ಅಂಥ ನೀರಿನಲ್ಲಿ ಹಿಡಿದು ಬಿಟ್ಟ ಮೀನು ಬದುಕುವ ಭರವಸೆ ಇರುವುದಿಲ್ಲ. ಆ ಬಿಡುವಿನ ತಿಂಗಳುಗಳಲ್ಲೇ ಅಲ್ಲಿನವರ ಕಣ್ಣು ಗೆಂಡೆಯ ಮೇಲೆ ಬಿತ್ತು. 1877ರಲ್ಲಿ ಅಮೆರಿಕದ ಸರ್ಕಾರವೇ ಜರ್ಮನಿಯಿಂದ ಗೆಂಡೆ ತರಿಸಿ ಹಂಚಿತು. ಆಮೇಲೆ ಅದೇ ಜನ ಅದನ್ನು ಕಸದ ಮೀನು ಎಂದು ತಳ್ಳಿದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಪುಕ್ಕದ ಹುಳ ಕಟ್ಟಿಕೊಂಡು ಅದರ ಬೆನ್ನು ಹತ್ತಿದ್ದಾರೆ.

ನಮ್ಮ ಕೆರೆಗಳಿಗೂ ಈ ಸಾಮಾನ್ಯ ಗೆಂಡೆ ಹೊರಗಿನಿಂದಲೇ ಬಂದದ್ದು. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಅದರ ಒಂದು ತಳಿ ಬಂತು, 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಇನ್ನೊಂದು. ಅದೇ 1957ರ ಜುಲೈ 10ರಂದು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಚುಚ್ಚುಮದ್ದಿನಿಂದ ಕಾಟ್ಲಾ, ರೋಹು ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸುವ ದಾರಿ ಕಂಡುಕೊಂಡರು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಅವಕ್ಕೆ ಹೊಳೆಯ ಪ್ರವಾಹ ಬೇಕು. ಗೆಂಡೆಗೆ ಆ ಹಂಗಿಲ್ಲ. ನೀರಿನಲ್ಲಿ ಒಂದಿಷ್ಟು ಕಳೆ ಇದ್ದರೆ ಸಾಕು, ಅದಕ್ಕೇ ಮೊಟ್ಟೆ ಅಂಟಿಸಿ ತನ್ನ ಸಂಸಾರ ತಾನೇ ನಡೆಸುತ್ತದೆ. ಬಲೆ ಎಳೆದು ಮುಗಿದ ಕೆರೆಯಲ್ಲೂ ಗೆಂಡೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಬಲೆ ಬರುವ ಸುಳಿವು ಸಿಕ್ಕರೆ ಅದು ತಲೆಯನ್ನು ಗೋಡಿಗೆ ಒತ್ತಿಕೊಂಡು ಬಲೆಯನ್ನೇ ಮೇಲೆ ಹಾದುಹೋಗಲು ಬಿಡುತ್ತದೆ ಎಂದು ಬಲೆ ಎಳೆಯುವವರು ಹೇಳುತ್ತಾರೆ. ನಾನು ಕಂಡ ಗೆಂಡೆಗಳ ಬುದ್ಧಿ ನೋಡಿದರೆ ಈ ಮಾತನ್ನು ಧಾರಾಳವಾಗಿ ನಂಬುತ್ತೇನೆ.

ನಾನು ಗೆಂಡೆಗೆ ಗಾಳ ಹಾಕುವುದೂ ಅಂಥ ಪುಕ್ಕದ ಹುಳದಿಂದಲೇ. ಫ್ಲೈ ಫಿಶಿಂಗ್ ಎಂಬ ಈ ಬಗೆ ಏನೆಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಮಾಮೂಲಿ ಗಾಳದಲ್ಲಿ ತೂಕ ತುದಿಯಲ್ಲಿರುತ್ತದೆ. ಸೀಸದ ಗುಂಡೋ ಹಿಟ್ಟಿನ ಉಂಡೆಯೋ ಇದ್ದು, ಅದನ್ನು ಎಸೆದರೆ ಹಗುರವಾದ ದಾರ ಅದರ ಹಿಂದೆ ಓಡುತ್ತದೆ. ಇಲ್ಲಿ ಅದು ತಿರುವುಮುರುವು. ತುದಿಯ ಹುಳಕ್ಕೆ ಲೆಕ್ಕಕ್ಕೆ ಹಿಡಿಯುವಷ್ಟು ತೂಕವೇ ಇಲ್ಲ, ತೂಕವೆಲ್ಲ ದಾರದ್ದು. ಲೇಪ ಹಾಕಿದ ದಪ್ಪ ದಾರ, ಅದರ ತುದಿಗೆ ಬರಬರುತ್ತ ತೆಳುವಾಗುವ ತಂಗೂಸಿ, ಅದರ ಕೊನೆಗೆ ಹುಳ. ಒಂಬತ್ತು ಅಡಿಯ ಬಳುಕುವ ಕೋಲಿನಿಂದ ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಬೇಕು, ಅದು ಗಾಳಿಯಲ್ಲಿ ಪೂರ್ತಿ ನೀಳವಾಗುವವರೆಗೆ ತಡೆಯಬೇಕು, ಆಮೇಲೆ ಮುಂದಕ್ಕೆ. ಎತ್ತಿನ ಮೇಲೆ ಬಾರುಕೋಲು ಬೀಸಿದ ಹಾಗೆಯೇ ಇದು. ಆದರೆ ಇಲ್ಲಿ ಚಟೀರೆಂದು ಸದ್ದು ಬಂದರೆ ತುದಿಯ ಹುಳ ಕಿತ್ತು ಹೋಯಿತೆಂದೇ ಅರ್ಥ. ಬಾತಿಯಲ್ಲಿ ಮಧ್ಯಾಹ್ನದ ಮೇಲೆ ಬಯಲ ಗಾಳಿ ಏಳುತ್ತದೆ. ಅದಕ್ಕೆ ಎದುರಾಗಿ ಬೀಸುವುದು ತೋಳಿಗೆ ತ್ರಾಸ. ಹಾಗಾಗಿ ನನ್ನ ಹೊತ್ತು ಬೆಳಗಿನದು, ಬಿಸಿಲು ಏರಿ ಹತ್ತು ಗಂಟೆಯವರೆಗಿನದು.

ಹುಳ ಕಟ್ಟುವುದು ಈ ಹವ್ಯಾಸದ ಅರ್ಧ ಸುಖ. ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಕಟ್ಟಿದ ಹುಳಗಳು ಸಿಗುತ್ತವೆ, ಆದರೆ ಅವು ಬೇರೆ ದೇಶದ ಹೊಳೆಗಳ ಹುಳಗಳು. ಬಾತಿ ಕೆರೆಯ ಗೆಂಡೆ ಏನು ತಿನ್ನುತ್ತದೆ ಎಂಬುದನ್ನು ಬಾತಿ ಕೆರೆಯ ಗೋಡಿನಲ್ಲೇ ನೋಡಬೇಕು. ಅಂಚಿನ ಕೆಸರನ್ನು ಒಂದು ಬೊಗಸೆ ತೆಗೆದು ಪ್ಲಾಸ್ಟಿಕ್ ಜರಡಿಯಲ್ಲಿ ತೊಳೆದರೆ ಮೊದಲು ಕಾಣುವುದು ಕೆಂಪು ಎಳೆಗಳು. ಕಚ್ಚದ ಸೊಳ್ಳೆಗಳ ಮರಿಹುಳ ಇವು. ಅಂಗುಲದ ಅರ್ಧವೂ ಇಲ್ಲ, ಮೈಯೆಲ್ಲ ರಕ್ತದ ಬಣ್ಣ. ನಮ್ಮ ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ ಇವುಗಳ ಮೈಯಲ್ಲೂ ಇದೆ. ಅದರಿಂದಲೇ ಉಸಿರು ಕಟ್ಟಿಸುವ ಕೆಸರಿನಲ್ಲೂ ಇವು ಬದುಕುತ್ತವೆ. ಜರಡಿಯಲ್ಲಿ ಜೊತೆಗೆ ಒಂದೆರಡು ಬಸವನಹುಳ, ಏರೋಪ್ಲೇನ್ ಚಿಟ್ಟೆಯ ಕಂದು ಬಣ್ಣದ ಮರಿ. ಗೆಂಡೆಯ ಊಟ ಇಷ್ಟೇ.

ಆ ಕೆಂಪು ಹುಳಕ್ಕೆ ನಾನು ಬಳಸುವುದು ಉಡಿದಾರ. ಜಾತ್ರೆಯಲ್ಲಿ ಸಿಗುವ ಕೆಂಪು ಉಡಿದಾರದ ಹುರಿ ಬಿಚ್ಚಿ ಒಂದೇ ಎಳೆ ತೆಗೆಯುವುದು. ಪಕ್ಕಡ್‌ನಿಂದ ಗಾಳದ ಮುಳ್ಳಿನ ಕೊಕ್ಕೆಯನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿರಬೇಕು, ಆಗ ಮೀನಿನ ಬಾಯಿಂದ ಸಲೀಸಾಗಿ ಬಿಡಿಸಬಹುದು. ಎಳೆಯನ್ನು ಮುಳ್ಳಿನ ಬೆನ್ನಿಗೆ ಸುತ್ತಿಗೆ ಸುತ್ತು ತಾಗುವಂತೆ ಸುತ್ತುತ್ತ ಬರುವುದು, ಅದರ ಮೇಲೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಬಿಡಿಬಿಡಿಯಾಗಿ ಹಾಯಿಸುವುದು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬೇಡವಾದ ತುಂಡು ತಂತಿ ಒಂದು ಮುಷ್ಟಿ ಸಿಕ್ಕರೆ ವರ್ಷಗಟ್ಟಲೆ ಸಾಕು. ಹುಳ ಮುಳುಗಲು ಆ ತಂತಿಯ ಭಾರವೇ ಸಾಲುತ್ತದೆ. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ ನೂಲಿನ ಬದಲು ತಾಮ್ರದ ತಂತಿಯಿಂದಲೇ ಪುಕ್ಕ ಬಿಗಿದು ಹುಳ ಕಟ್ಟಿ ಹೆಸರಾದವನು. ಅವನ ಬುದ್ಧಿವಂತಿಕೆಗೆ ಪ್ರತಿ ಸಲ ತಂತಿ ಸುತ್ತುವಾಗಲೂ ಕೈಮುಗಿಯುತ್ತೇನೆ. ಕೊನೆಗೆ ಕುತ್ತಿಗೆಯ ಹತ್ತಿರ ಹುಂಜದ ಪುಕ್ಕ ಒಂದೂವರೆ ಸುತ್ತು. ನಮ್ಮ ದೇಶದ ಹುಂಜಗಳ ಕುತ್ತಿಗೆಯ ಪುಕ್ಕ ಬಹಳ ಕಾಲ ಹಡಗು ಹತ್ತಿ ವಿಲಾಯಿತಿಯ ಹುಳ ಕಟ್ಟುವವರಿಗೆ ಹೋಗುತ್ತಿತ್ತು. ನನಗೆ ಅದು ಕೋಳಿ ಅಂಗಡಿಯಲ್ಲಿ ಕೇಳಿದಷ್ಟು ಸಿಗುತ್ತದೆ. ಕಟ್ಟಿ ಮುಗಿದ ಹುಳವನ್ನು ಲೋಟದ ನೀರಿಗೆ ಬಿಟ್ಟು ನೋಡಬೇಕು. ಪುಕ್ಕದ ಎಳೆಗಳು ಅರಳಿ, ಮಡಚಿ, ಮತ್ತೆ ಅರಳುತ್ತ ತಳಕ್ಕೆ ಇಳಿದರೆ ಹುಳ ಸರಿಯಾಯಿತು. ನೆಟ್ಟಗೆ ಕುಸಿದುಬಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಇನ್ನು ಗೆಂಡೆಯನ್ನು ಹುಡುಕುವುದು. ಕುರುಡಾಗಿ ನೀರಿಗೆ ಬೀಸುತ್ತ ಕೂತರೆ ದಿನವಿಡೀ ಬೀಸಬಹುದು. ಮೊದಲು ಕಣ್ಣಿಗೆ ಮೀನು ಬೀಳಬೇಕು, ಅಥವಾ ಅದರ ಸುಳುಹು. ಗೋಡಿನೊಳಗಿಂದ ತಾನಾಗಿ ಏಳುವ ಗಾಳಿಗುಳ್ಳೆ ದೊಡ್ಡದು, ಒಂದೇ ಕಡೆ ಏಳುತ್ತದೆ. ಗೆಂಡೆ ಎಬ್ಬಿಸುವ ಗುಳ್ಳೆ ಸಣ್ಣದು, ಗುಂಪಾಗಿ ಬರುತ್ತದೆ, ಮತ್ತು ಮುಂದೆ ಸಾಗುತ್ತದೆ. ಅದು ಮೂತಿಯನ್ನು ಗೋಡಿಗೆ ತೂರಿಸಿ, ಬಾಯ್ತುಂಬ ಕೆಸರನ್ನು ಹೀರಿ, ಒಳಗೇ ಶೋಧಿಸಿ, ಬೇಡವಾದದ್ದನ್ನು ಕಿವಿರು ಮತ್ತು ಬಾಯಿಂದ ಹೊರಗೆ ಬಿಡುತ್ತದೆ. ದವಡೆಯಲ್ಲಿ ಅದಕ್ಕೆ ಹಲ್ಲಿಲ್ಲ, ಅರೆಯುವ ಹಲ್ಲುಗಳೆಲ್ಲ ಗಂಟಲಲ್ಲಿವೆ. ಬಸವನಹುಳದ ಚಿಪ್ಪನ್ನೂ ಅಲ್ಲೇ ಪುಡಿಮಾಡುತ್ತದೆ. ಬಾಯಿಯ ಅಂಚಿನ ಎರಡು ಜೊತೆ ಮೀಸೆಗಳಲ್ಲಿ ರುಚಿ ನೋಡುವ ಶಕ್ತಿಯಿದೆ. ಮೊಣಕಾಲುದ್ದದ ನೀರಿನಲ್ಲಿ ಹೀಗೆ ಮೇಯುವಾಗ ಬಾಲದ ತುದಿ ಮಾತ್ರ ನೀರಿನ ಮೇಲೆ ಬಂದು ಒಂದಿಷ್ಟು ಆಡುತ್ತದೆ. ಬಿಸಿಲಿಗೆ ಅದರ ಅಂಚು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಅದನ್ನು ಕಂಡಾಗ ಈಗಲೂ ನನ್ನ ಎದೆ ಬಡಿತ ಜೋರಾಗುತ್ತದೆ.

ಹತ್ತಿರ ಹೋಗುವುದು ಕಷ್ಟ. ಗೆಂಡೆಯ ಮೈಯೊಳಗಿನ ಗಾಳಿಚೀಲಕ್ಕೂ ಕಿವಿಗೂ ನಡುವೆ ಪುಟ್ಟ ಮೂಳೆಗಳ ಸರಣಿಯಿದೆ. 1820ರಲ್ಲೇ ಜರ್ಮನಿಯ ವೇಬರ್ ಅದನ್ನು ವಿವರಿಸಿದ್ದಾನೆ. ಗಾಳಿಚೀಲ ಹಿಡಿದ ಅದುರು ಆ ಮೂಳೆಗಳ ಮೂಲಕ ನೇರ ಕಿವಿಗೆ ಮುಟ್ಟುತ್ತದೆ. ಒಣಗಿದ ಗೋಡಿನ ಮೇಲೆ ದಪದಪ ಹೆಜ್ಜೆ ಹಾಕಿದರೆ ಆಟ ಅಲ್ಲಿಗೇ ಮುಗಿಯಿತು. ಮೆಟ್ಟು ಕಳಚಿಟ್ಟು, ಹಿಮ್ಮಡಿ ಊರದೆ, ನೆರಳು ನೀರಿನ ಮೇಲೆ ಬೀಳದಂತೆ ಸೂರ್ಯನಿಗೆ ಮುಖ ಮಾಡಿ ಬಾಗಿ ನಡೆಯಬೇಕು. ಇನ್ನೊಂದು ಸಂಗತಿ ಇದೆ. ಜೇನಿನ ಕುಣಿತವನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್, ಗೆಂಡೆಯ ಕುಲದ ಪುಟ್ಟ ಮೀನುಗಳ ಮೇಲೆ ಪ್ರಯೋಗ ನಡೆಸಿ 1938ರಲ್ಲಿ ಬರೆದ: ಒಂದರ ಚರ್ಮಕ್ಕೆ ಗಾಯವಾದರೆ ನೀರಿಗೆ ಒಂದು ವಸ್ತು ಸೇರುತ್ತದೆ, ಅದರ ವಾಸನೆಗೆ ಉಳಿದವು ದಿಕ್ಕಾಪಾಲಾಗುತ್ತವೆ. ಆದ್ದರಿಂದ ಒಂದು ಗೆಂಡೆ ಸಿಕ್ಕ ಜಾಗದಲ್ಲಿ ಕೂಡಲೇ ಇನ್ನೊಂದಕ್ಕೆ ಆಸೆಪಡಬಾರದು. ಎದ್ದು ಮುಂದಿನ ಮೂಲೆಗೆ ಹೋಗಬೇಕು.

ಒಂದು ಬೆಳಗ್ಗೆ ಜೊಂಡಿನ ಮಗ್ಗುಲಲ್ಲಿ ಅಂಥ ಗುಳ್ಳೆಗಳ ಸಾಲು ನನ್ನ ಕಡೆಗೇ ಬರುತ್ತಿತ್ತು. ಮೀನು ಸಾಗುವ ದಾರಿ ನೋಡಿಕೊಂಡು ಅದರಾಚೆಗೆ ಹುಳ ಬೀಸಿ, ಮೆಲ್ಲಗೆ ಎಳೆದು ತಂದು, ಮೂತಿಯ ಮುಂದೆ ಒಂದು ಗೇಣು ದೂರದಲ್ಲಿ ಇಳಿಯಲು ಬಿಟ್ಟೆ. ಎಳೆಯುವುದನ್ನು ನಿಲ್ಲಿಸಿದೆ. ಗೆಂಡೆ ಕಚ್ಚುವುದಿಲ್ಲ, ಕೈಗೆ ಜಗ್ಗೂ ಬರುವುದಿಲ್ಲ. ಹೀರಿಕೊಂಡು, ರುಚಿ ಸರಿ ಕಾಣದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಗುಳಿರುತ್ತದೆ. ನಾನು ನೋಡುತ್ತಿದ್ದದ್ದು ದಾರದ ತುದಿಯನ್ನು. ಅದು ಒಂದು ಕೂದಲಷ್ಟು ಪಕ್ಕಕ್ಕೆ ಸರಿಯಿತು. ಕೋಲು ಎತ್ತಿದೆ. ಒಂದು ಕ್ಷಣ ಏನೂ ಇಲ್ಲ, ಭಾರ ಅಷ್ಟೇ. ಆಮೇಲೆ ಕೆಸರು ಒಡೆದು ಎದ್ದಿತು, ದಾರ ಬೆರಳನ್ನು ಸುಟ್ಟುಕೊಂಡು ಓಡಿತು, ಚಕ್ರ ಕಿರುಚಿತು. ಕೆರೆಯ ನಡುವಿನ ಗುಂಡಿ ಎಲ್ಲಿದೆ ಎಂದು ಆ ಮೀನಿಗೆ ಚೆನ್ನಾಗಿ ಗೊತ್ತಿತ್ತು, ನೇರ ಅಲ್ಲಿಗೇ ಹೊರಟಿತು. ಕೋಲು ಬಗ್ಗಿಸಿ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಅಂಚಿಗೆ ತಂದಾಗ ಅದು ಬಾಯಿ ಗುಂಡಗೆ ಮಾಡಿ ಮುಂದೆ ಚಾಚುತ್ತ ಒಳಗೆಳೆಯುತ್ತ ನನ್ನನ್ನೇ ನೋಡುತ್ತಿತ್ತು. ಎರಡು ಕೆಜಿ ಮೇಲಿನ ಮೀನು. ಹಿತ್ತಾಳೆ ಬಣ್ಣದ ಮೈ, ಒಂದೊಂದು ಹುರುಪೆಗೂ ಕಪ್ಪು ಅಂಚು. ತುಟಿಯ ಮೂಲೆಯಲ್ಲಿ ಉಡಿದಾರದ ಎಳೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ರೋಗ ಅಂಟುತ್ತದೆ. ಕಾದ ಕಲ್ಲಿನ ಮೇಲಂತೂ ಮಲಗಿಸಲೇಬಾರದು. ನೀರಿನಲ್ಲೇ ಮುಳ್ಳು ಬಿಡಿಸಿ, ಅದು ತಾನಾಗಿ ಬಾಲ ಬೀಸುವವರೆಗೆ ಆನಿಸಿ ಹಿಡಿದು ಬಿಟ್ಟೆ.

ಈ ಕೆರೆಯ ಮೀನು ಗುತ್ತಿಗೆ ಹಿಡಿದವರ ಸ್ವತ್ತು. ಅವರ ಒಪ್ಪಿಗೆ ಪಡೆದೇ ನಾನು ಇಳಿಯುವುದು, ಸಿಕ್ಕದ್ದನ್ನು ವಾಪಸು ಬಿಡುವೆನೆಂಬ ಮಾತಿನ ಮೇಲೆ. ಬಲೆ ಕಾಯುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಮೊದಲು ನನ್ನ ಕೆಲಸ ಅರ್ಥವಾಗಲಿಲ್ಲ.

‘ಅಲ್ರೀ ಸಾರ್, ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ತೆ ಯಾಕ್ರೀ ಹಿಡೀತೀರಿ?’

‘ಅದರ ಬುದ್ಧಿ ನೋಡಾಕೆ ಯಜಮಾನ್ರೇ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬುದ್ಧಿ ಐತಿ ಬಿಡ್ರಿ ಅದಕ್ಕೆ. ನಮಗಿಂತ ಒಂದು ಕೈ ಜಾಸ್ತಿನೇ ಐತಿ’ ಅಂದರು. ಅಂದಿನಿಂದ ಯಾವ ಮೂಲೆಯಲ್ಲಿ ಗೆಂಡೆ ಕೆದಕುತ್ತಿದೆ ಎಂಬ ಸುದ್ದಿ ನಾನು ಕೇಳದೆಯೇ ಬರತೊಡಗಿತು.

ಮಂಡಕ್ಕಿಯ ಹುಳದ ಯೋಚನೆ ಹುಟ್ಟಿದ್ದೂ ಅವರ ಮಾತಿನಿಂದಲೇ. ದಾವಣಗೆರೆಗೆ ಮಂಡಕ್ಕಿ ಎಂದರೆ ಬೆಳಗು ಸಂಜೆಯ ಊಟ. ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವ ಊರು ಇದು. ಏರಿಯ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದವರು ಪೊಟ್ಟಣ ಕೊಡವಿ ಹೋಗುತ್ತಾರೆ. ಗಾಳಿಗೆ ಮಂಡಕ್ಕಿ ತೇಲಿಕೊಂಡು ಒಂದು ಮೂಲೆ ಸೇರುತ್ತದೆ. ‘ಆ ಮೂಲ್ಯಾಗ ಸಂಜಿಗೆ ನೋಡ್ರಿ, ಬಾಯಿ ಮಾತ್ರ ಕಾಣ್ತಾವೆ’ ಅಂದರು. ನಿಜ. ಕೆಳಗೆ ಮೇಯುವ ಗೆಂಡೆಯೂ ಜೊಂಡು ಮೇಯುವ ಹುಲ್ಲುಗೆಂಡೆಯೂ ಮೇಲೆ ಬಂದು ಒಂದೊಂದೇ ಕಾಳನ್ನು ತುಟಿಯಲ್ಲಿ ಎತ್ತಿಕೊಳ್ಳುತ್ತಿದ್ದವು. ತುಂಗೆಯ ದಡದ ಶೃಂಗೇರಿಯಲ್ಲಿ ಭಕ್ತರು ಮೀನುಗಳಿಗೆ ಮಂಡಕ್ಕಿ ಹಾಕುವುದನ್ನು ಯಾರು ನೋಡಿಲ್ಲ? ಅಲ್ಲಿ ಅವುಗಳನ್ನು ಮುಟ್ಟುವವರಿಲ್ಲ. ಅದೇ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಹರಿಹರಕ್ಕೆ ಬರುತ್ತಾಳೆ. ನಾನು ಬಿಳಿ ಕುರಿ ಉಣ್ಣೆಯನ್ನು ಮುಳ್ಳಿಗೆ ಬಿಗಿದು, ನಡುವೆ ತೇಲುವುದಕ್ಕೆ ಹಳೆಯ ಹವಾಯಿ ಚಪ್ಪಲಿಯ ಒಂದು ಚೂರು ಇಟ್ಟು, ಕತ್ತರಿಯಿಂದ ಮಂಡಕ್ಕಿ ಕಾಳಿನ ಆಕಾರಕ್ಕೆ ಕತ್ತರಿಸಿದೆ. ಮೇಲೆ ಬಂದ ಬಾಯಿಗಳು ಹತ್ತಾರು ನಿಜವಾದ ಕಾಳುಗಳ ನಡುವೆ ಅದೊಂದನ್ನೇ ಬಿಟ್ಟು ಮುಂದೆ ಹೋಗುತ್ತಿದ್ದವು. ಮುಳ್ಳಿನ ಭಾರಕ್ಕೆ ಹುಳ ನೀರಿನಲ್ಲಿ ಒಂಚೂರು ಹೆಚ್ಚು ಮುಳುಗಿರುತ್ತಿತ್ತು, ಅಷ್ಟು ಸಾಕಿತ್ತು ಅವಕ್ಕೆ. ಸಣ್ಣ ಮುಳ್ಳು, ಕಡಿಮೆ ಉಣ್ಣೆ, ಇನ್ನೂ ತೆಳುವಾದ ತಂಗೂಸಿ ಎಂದು ತಿದ್ದಿ ತಿದ್ದಿ ಸರಿಮಾಡುವಷ್ಟರಲ್ಲಿ ಆ ಬೇಸಿಗೆಯೇ ಮುಗಿಯುತ್ತ ಬಂತು. ಕೊನೆಗೆ ಒಂದು ಹುಲ್ಲುಗೆಂಡೆ ಅದನ್ನು ನಂಬಿತು. ಆ ಸಂಜೆಯ ಸಂತೋಷವನ್ನು ನಾನು ಯಾವ ಮಹಶೀರಿಗೂ ಕೊಡಲಾರೆ.

ಮೀನಿಗೆ ಮೇವು ನೋಡಿ ಗಾಳ ಹಾಕುವ ಈ ವಿದ್ಯೆ ನಮ್ಮಲ್ಲಿ ಹೊಸದೂ ಅಲ್ಲ, ವಿಲಾಯಿತಿಯದೂ ಅಲ್ಲ. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವೇ ಇದೆ. ಮೂವತ್ತೈದು ಬಗೆಯ ಮೀನುಗಳು, ಯಾವುದಕ್ಕೆ ಯಾವ ಮೇವು, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲವನ್ನೂ ಆ ದೊರೆ ತನ್ನ ಕಣ್ಣಾರೆ ನೋಡಿದವನಂತೆ ಬರೆದಿದ್ದಾನೆ. ನಮ್ಮ ಸೀಮೆಯನ್ನು ಆಗ ಆಳುತ್ತಿದ್ದ ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಸಾಮಂತರು, ಹಾಗಾಗಿ ಈ ನಾಡೂ ಆ ಸಾಮ್ರಾಜ್ಯದ ಒಳಗಿನದು. ಮೀನುಗಳ ಪಂಡಿತ ಸುಂದರಲಾಲ್ ಹೋರಾ 1951ರಲ್ಲಿ ಆ ಅಧ್ಯಾಯದ ಮೇಲೆ ಲೇಖನ ಬರೆದರು. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಮೊದಲ ಮುದ್ರಿತ ಹೊತ್ತಗೆ ಬಂದದ್ದು 1496ರಲ್ಲಿ, ನಮ್ಮ ದೊರೆ ಬರೆದು ಮೂರೂವರೆ ಶತಮಾನಗಳ ಮೇಲೆ. ಆಮೇಲೆ ಬ್ರಿಟಿಷರ ಕಾಲದಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಬರೆದ. ಹೊಳೆಯ ಮಹಶೀರಿನ ಸೊಗಸು ಹಾಡಿದ ಅದೇ ಮನುಷ್ಯ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಮೇಲೆಯೇ ಇನ್ನೊಂದು ಪುಸ್ತಕ ತಂದ. ಕನ್ನಡದಲ್ಲಿ ಮೂಡಿಗೆರೆಯ ತೇಜಸ್ವಿಯವರು ಗಾಳ ಹಿಡಿದು ಹೊಳೆಯ ದಡದಲ್ಲಿ ಕೂತವರು. ಅವರನ್ನು ಓದಿದ ಎಷ್ಟೋ ಹುಡುಗರಿಗೆ ಗಾಳ ಹಿಡಿಯುವುದು ಸೋಮಾರಿಗಳ ಕೆಲಸವಲ್ಲ ಎಂದು ಧೈರ್ಯ ಬಂತು. ನನಗೂ.

ಬೇಸಿಗೆಯ ಕೆರೆಯಲ್ಲಿ ಗಾಳ ಹಿಡಿದವನು ಕಲಿಯಲೇಬೇಕಾದ ಒಂದು ಪಾಠ ಬೆಳಗಿನ ಜಾವದ್ದು. 20 ಡಿಗ್ರಿ ಕಾವಿನ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.5. ಕೊಳಚೆ ಸೇರಿ ನೀರು ಹಸಿರು ಗಟ್ಟಿದ್ದರೆ ಆ ಪಾಚಿ ಹಗಲೆಲ್ಲ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಕಳೆಯುತ್ತದೆ. ಹೀಗಾಗಿ ಬೆಳಕು ಹರಿಯುವ ಹೊತ್ತಿಗೆ ನೀರು ಅತ್ಯಂತ ಬಡವಾಗಿರುತ್ತದೆ. ಆಗ ನೂರಾರು ಬಾಯಿಗಳು ನೀರಿನ ಮೇಲೆ ಕಾಣುತ್ತವೆ. ತಿಳಿಯದವರಿಗೆ ಹಬ್ಬ. ಆದರೆ ಮೇವಿಗೆ ಬಂದ ಬಾಯಿ ಬೇರೆ, ಉಸಿರಿಗೆ ಬಂದ ಬಾಯಿ ಬೇರೆ. ಮೇವಿಗೆ ಬಂದದ್ದು ಎತ್ತಿಕೊಂಡು ಮುಳುಗುತ್ತದೆ, ನೆರಳು ಕಂಡರೆ ಓಡುತ್ತದೆ. ಉಸಿರಿಗೆ ಬಂದದ್ದು ಮುಳುಗುವುದಿಲ್ಲ, ಮೇಲೆಯೇ ಬಾಯಿ ತೆರೆದು ಮುಚ್ಚುತ್ತ ನಿಲ್ಲುತ್ತದೆ. ಹತ್ತಿರ ಹೋದರೂ ಕದಲುವುದಿಲ್ಲ, ಕದಲುವ ತ್ರಾಣ ಅದಕ್ಕಿರುವುದಿಲ್ಲ. ಅಂಥ ಬೆಳಗು ಕೋಲು ಬಿಚ್ಚಬಾರದು. ಮೋಡ ಕವಿದು ಗಾಳಿ ನಿಂತ ಮೇ ತಿಂಗಳ ಒಂದು ಮುಂಜಾನೆ ಹಾಗೆ ನಿಂತ ಬಾಯಿಗಳನ್ನು ನೋಡಿ ಆ ಹಿರಿಯರಿಗೆ ಹೇಳಿ ಕಳಿಸಿದೆ. ಅವರೂ ಇನ್ನಿಬ್ಬರೂ ಬಂದು ತೆಪ್ಪದಲ್ಲಿ ಅತ್ತಿಂದಿತ್ತ ಹೋಗುತ್ತ ಹುಟ್ಟಿನಿಂದ ನೀರು ಬಡಿದರು, ಡೀಸೆಲ್ ಪಂಪು ತಂದು ಕೆರೆಯ ನೀರನ್ನೇ ಎತ್ತಿ ಕೆರೆಗೇ ಸುರಿದರು. ಬಿಸಿಲು ಬಿದ್ದ ಮೇಲೆ ಬಾಯಿಗಳು ಒಂದೊಂದಾಗಿ ಇಳಿದವು. ಬೆಳ್ಳಿಗೆಂಡೆ, ಕಾಟ್ಲಾಗಳು ಒಂದಷ್ಟು ಹೋದವು. ಗೆಂಡೆ ತಡೆದುಕೊಂಡಿತು.

ದಡದಲ್ಲಿ ಬಿಟ್ಟುಹೋದ ತಂಗೂಸಿಯ ಸಿಕ್ಕುಗಳನ್ನೂ ನಾನು ಹೆಕ್ಕಿಕೊಂಡು ಬರುತ್ತೇನೆ. ಕೊಕ್ಕರೆಯ ಕಾಲಿಗೆ ಸುತ್ತಿಕೊಂಡ ಆ ದಾರವನ್ನು ಒಮ್ಮೆ ಬಿಡಿಸಿದವರು ಮತ್ತೆ ಒಂದು ತುಂಡನ್ನೂ ನೆಲದಲ್ಲಿ ಬಿಡಲಾರರು.

ಈಗ ನನ್ನ ಮನಸ್ಸಿನಲ್ಲಿರುವುದು ಒಂದೇ ಆಸೆ. ಕೊಡಗಿನ ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘದವರು ಕಾವೇರಿಯ ಒಂದು ಭಾಗವನ್ನು ಮಹಶೀರಿಗಾಗಿ ಕಾಯ್ದುಕೊಂಡು ಬಂದಿದ್ದಾರೆ. ಪರವಾನಗಿ ಪಡೆದವರು ಅಲ್ಲಿ ಗಾಳ ಹಾಕುತ್ತಾರೆ, ಹಿಡಿದದ್ದನ್ನು ಬಿಡುತ್ತಾರೆ. ನಮ್ಮ ಕೆರೆಗಳಲ್ಲೂ ಬಲೆಯ ಕೆಲಸವಿಲ್ಲದ ಆ ಎರಡು ಮೂರು ತಿಂಗಳು, ಒಂದು ಮೂಲೆಯನ್ನು ಗಾಳದವರಿಗೆ ಚೀಟಿಯ ಮೇಲೆ ಬಿಟ್ಟರೆ ಏನಾದೀತು? ಮಾರಿದ ಗೆಂಡೆ ಒಂದು ಸಲ ದುಡ್ಡು ಕೊಡುತ್ತದೆ, ಹಿಡಿದು ಬಿಟ್ಟದ್ದು ಮತ್ತೆ ಮತ್ತೆ ಕೊಡುತ್ತದೆ. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬರುವವರಿಗೆ ದಾವಣಗೆರೆ ದೂರವಲ್ಲ. ದುಡ್ಡು ಬರುವ ಕೆರೆಗೆ ಕೊಳಚೆ ಬಿಡಬೇಡಿ ಎಂದು ಕೇಳುವ ಬಾಯಿಗಳೂ ಹೆಚ್ಚುತ್ತವೆ. ಹಿರಿಯರ ಮುಂದೆ ಇದನ್ನು ಇಟ್ಟೆ. ಅವರು ಬೀಡಿ ಹಚ್ಚಿಕೊಂಡು ಬಹಳ ಹೊತ್ತು ಲೆಕ್ಕ ಹಾಕಿದರು. ಮುಂದಿನ ಗುತ್ತಿಗೆಯ ಮಾತುಕತೆಗೆ ನನ್ನನ್ನೂ ಬರಹೇಳಿದ್ದಾರೆ. ಅಷ್ಟರಲ್ಲಿ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ ಮರಿ ಬರಬೇಕು, ಅದಕ್ಕೂ ಮೊದಲು ಮಳೆ ಬರಬೇಕು. ಚೀಟಿಗೆ ಎಷ್ಟು ದರ ಇಟ್ಟರೆ ಸರಿ ಎಂದು ಇಬ್ಬರೂ ಇನ್ನೂ ಒಪ್ಪಿಲ್ಲ. ನಾನು ಕಡಿಮೆ ಹೇಳುತ್ತಿದ್ದೇನೆ ಎಂಬುದು ಅವರ ವಾದ.